ಗಾಲಿಯ ಚೆಲುವು

34 ವರ್ಷ ಹೈಸ್ಕೂಲಿನ ಹುಡುಗರಿಗೆ ಭೌತವಿಜ್ಞಾನದ ಪಾಠ ಹೇಳಿ ನಿವೃತ್ತನಾದ ನಾನು, 2024ರಲ್ಲಿ ಐದು ತಿಂಗಳನ್ನು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಪಟ್ಟಣದಲ್ಲಿರುವ ಮಗನ ಮನೆಯಲ್ಲಿ ಕಳೆದೆನು. ಒಂದು ಸಂಜೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಮಗನು ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೆರೆದು ನನ್ನ ಮುಂದೆ ಹಿಡಿದನು. ಕಪ್ಪು ಬಣ್ಣದ, ಹತ್ತು ಸಪೂರ ಅರಗಳ, ಕನ್ನಡಿಯಂತೆ ಹೊಳೆಯುವ ಒಂದು ಗಾಲಿ. ಹಿಂದೆ ಮದುವೆಯ ಮಾತು ನಡೆಯುತ್ತಿದ್ದಾಗ ಹುಡುಗಿಯ ಭಾವಚಿತ್ರವನ್ನು ತೋರಿಸಿದ ದಿನವೂ ಅವನ ಮುಖದಲ್ಲಿ ಅಷ್ಟು ಸಂಭ್ರಮವನ್ನು ನಾನು ಕಂಡಿರಲಿಲ್ಲ.

"ಹೇಗಿದೆ ಅಪ್ಪ, ನೋಡಿ."

"ಈಗಿರುವ ಗಾಲಿಗೆ ಏನಾಗಿದೆಯಪ್ಪ?" ಎಂದೆನು.

"ಏನೂ ಆಗಿಲ್ಲ. ನೋಡೋದಕ್ಕೆ ಚೆನ್ನಾಗಿಲ್ಲ, ಅಷ್ಟೆ."

ಆ ಉತ್ತರವನ್ನು ಕೇಳಿ ಆಗ ನಕ್ಕುಬಿಟ್ಟೆನಾದರೂ, ಅದರ ಹಿಂದೆಯೇ ನಡೆದ ಕೆಲವು ಸಂಗತಿಗಳು ನನ್ನನ್ನು ಯೋಚನೆಗೆ ಹಚ್ಚಿದುವು. ಕಾರಿನ ಗಾಲಿಯನ್ನು ಬದಲಾಯಿಸುವ ಮಾತು ಸಾಹಿತ್ಯದ ಪುಟಕ್ಕೆ ತಕ್ಕುದೇ ಎಂದು ವಾಚಕರು ಹುಬ್ಬೇರಿಸಬಹುದು. ನನಗೆ ತೋರುವಂತೆ ಇದು ಅಭಿರುಚಿಯ ಪ್ರಶ್ನೆ. ಅಭಿರುಚಿಯ ವಿಚಾರವನ್ನು ಈ ಪುಟದಲ್ಲಲ್ಲದೆ ಇನ್ನೆಲ್ಲಿ ಎತ್ತಬೇಕು?

ಮೊದಲು ಮಗನ ಪಕ್ಷವನ್ನು ಹೇಳಿಬಿಡುವುದು ನ್ಯಾಯ. ಅವನ ಕಾರು ಟೆಸ್ಲಾ ಮಾಡೆಲ್ 3 ಎಂಬ ವಿದ್ಯುತ್ ಸೆಡಾನು. ಅದು ತಯಾರಾಗುವುದು ಅದೇ ಫ್ರೀಮಾಂಟಿನಲ್ಲಿ, 1984ರಿಂದ 2010ರವರೆಗೆ ಜನರಲ್ ಮೋಟಾರ್ಸ್ ಮತ್ತು ಟೊಯೋಟ ಕಂಪನಿಗಳು ಕೂಡಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ. 2017ರಲ್ಲಿ ಮೊದಲ ಕಾರುಗಳು ಕೊಂಡವರ ಕೈ ಸೇರಿದಂದಿನಿಂದ ಆ ಊರಿನಲ್ಲಿ ಅವು ಎಷ್ಟು ಹೆಚ್ಚಿವೆಯೆಂದರೆ, ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹೋದವರು ಹಿಂದಿರುಗಿ ಬಂದು ಬೇರೆಯವರ ಕಾರಿನ ಬಾಗಿಲನ್ನು ಎಳೆಯುವುದುಂಟು. ನಾನೇ ಎರಡು ಸಲ ಎಳೆದಿದ್ದೇನೆ. ಎಂಜಿನ್ನೇ ಇಲ್ಲದ್ದರಿಂದ ಮುಂದುಗಡೆ ಗಾಳಿಯಾಡುವ ಜಾಲರಿಯ ಅಲಂಕಾರವಿಲ್ಲ. ಮೈಯೆಲ್ಲ ಹೊಳೆಯ ಕಲ್ಲಿನಂತೆ ನುಣುಪು. ಬಣ್ಣಗಳೋ ನಾಲ್ಕೈದು. ಹೀಗಿರುವಾಗ "ಇದು ನನ್ನದು" ಎಂದು ಗುರುತು ಹಾಕಿಕೊಳ್ಳಲು ಒಡೆಯನಿಗೆ ಉಳಿದಿರುವ ಸ್ಥಳ ಗಾಲಿಯೊಂದೇ. ನಮ್ಮ ರೈತರು ಎತ್ತಿನ ಕೋಡಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಅಣಸು ತೊಡಿಸುವುದೂ ಇದೇ ಆಸೆಯಿಂದಲ್ಲವೆ? ಆ ಆಸೆಯನ್ನು ಹಳಿಯುವಷ್ಟು ಒಣಗಿದವನು ನಾನಲ್ಲ.

ಆದರೆ ಇದ್ದ ಗಾಲಿ ಅಂದಗೇಡಿಯಾಗಿದ್ದುದಕ್ಕೂ ಒಂದು ಕಾರಣವಿತ್ತು. ಕಾರ್ಖಾನೆಯಿಂದ ಬಂದದ್ದು 18 ಅಂಗುಲ ವ್ಯಾಸದ ಅಲಾಯ್ ಗಾಲಿ. ಅದರ ಮೇಲೆ ಬೂದುಬಣ್ಣದ ಒಂದು ಪ್ಲಾಸ್ಟಿಕ್ ಮುಚ್ಚಳ. ಮಗನಿಗೆ ಅದು ಅಡಿಗೆಮನೆಯ ತಟ್ಟೆಯಂತೆ ಕಾಣುತ್ತಿತ್ತು. ಉರುಳುವ ಗಾಲಿಯ ನೆತ್ತಿಯ ಭಾಗವು ಕಾರಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಅರಗಳ ನಡುವೆ ತೆರಪು ಹೆಚ್ಚಿದಷ್ಟೂ ಅದು ಕಡೆಗೋಲಿನಂತೆ ಗಾಳಿಯನ್ನು ಕಡೆಯುತ್ತದೆ. ಕಾರಿಗೆ ಗಾಳಿಯೊಡ್ಡುವ ತಡೆಯಲ್ಲಿ ಸುಮಾರು ಕಾಲುಪಾಲು ಗಾಲಿಗಳಿಂದಲೂ ಅವುಗಳ ಸುತ್ತಲಿನ ಪೊಳ್ಳಿನಿಂದಲೂ ಹುಟ್ಟುತ್ತದೆಂದು ಬಲ್ಲವರು ಎಣಿಸುತ್ತಾರೆ. ಆ ತಟ್ಟೆಯಂತಹ ಮುಚ್ಚಳ ಇದ್ದುದು ಈ ಕಡೆತವನ್ನು ತಗ್ಗಿಸುವುದಕ್ಕೆ. ಪೆಟ್ರೋಲು ಕಾರಿನವನು ಇಂತಹ ನಷ್ಟವನ್ನು ಗಮನಿಸದೆ ಇರಬಲ್ಲನು. ಬ್ಯಾಟರಿಯಲ್ಲಿ ತುಂಬಿಕೊಂಡು ಹೊರಟವನಿಗೆ ಪ್ರತಿಯೊಂದು ವ್ಯಯವೂ ಮುಂದಿನ ಪರದೆಯ ಮೇಲೆ ಕಾಣುತ್ತಿರುತ್ತದೆ. 2023ರಲ್ಲಿ ಹೊಸ ರೂಪ ತಳೆದ ಮಾಡೆಲ್ 3 ಕಾರಿನ, ಎರಡು ಮೋಟಾರುಗಳ ದೂರದ ಓಟದ ಮಾದರಿಗೆ ಯೂರೋಪಿನ ಪರೀಕ್ಷಾಕ್ರಮದಂತೆ ತಯಾರಕರು ಕೊಟ್ಟ ಅಂಕಿಗಳನ್ನು ನೋಡಿ. 18 ಅಂಗುಲದ ಗಾಲಿಯಿದ್ದರೆ ಒಂದು ತುಂಬಿಗೆ 678 ಕಿಲೋಮೀಟರ್. 19 ಅಂಗುಲದ್ದಾದರೆ 629. ಕಾರು ಅದೇ, ಬ್ಯಾಟರಿ ಅದೇ. ಗಾಲಿಯೂ ಟೈರೂ ಬದಲಾದ ಮಾತ್ರಕ್ಕೆ 49 ಕಿಲೋಮೀಟರು ಹೋಯಿತು. ಮಗನು ಮೆಚ್ಚಿದ್ದು 20 ಅಂಗುಲದ ಗಾಲಿಯನ್ನು.

"ಸ್ವಲ್ಪ ದೂರ ಕಡಿಮೆಯಾದರೆ ಆಗಲಿ ಅಪ್ಪ" ಎಂದನು. ಅದೂ ಒಪ್ಪತಕ್ಕ ಮಾತೇ. ಚೆಲುವಿಗೆ ಬೆಲೆ ತೆರುವವನನ್ನು ಬೇಡವೆನ್ನಲು ನಾವು ಯಾರು?

ಮುಂದಿನ ಶನಿವಾರ ಇಬ್ಬರೂ ಒಂದು ಗಾಲಿಯಂಗಡಿಗೆ ಹೋದೆವು. ಗೋಡೆಯ ತುಂಬ ಗಾಲಿಗಳನ್ನು ದೇವರಪಟಗಳಂತೆ ತೂಗುಹಾಕಿದ್ದರು. ಅಂಗಡಿಯವನು ಬಹಳ ವಿನಯವಂತ. ಅವನು ಕೇಳಿದ ಮೊದಲನೆಯ ಪ್ರಶ್ನೆ, "ಯಾವ ಬಣ್ಣ?" ಎಂಬುದು.

ಆ ಪ್ರಶ್ನೆ ನನ್ನನ್ನು ಅರುವತ್ತು ವರ್ಷ ಹಿಂದಕ್ಕೆ ಒಯ್ದಿತು. ನಮ್ಮೂರಿನ ಬಡಗಿ ಬಂಡಿಯ ಗಾಲಿ ಮಾಡುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವನು. ಕಬ್ಬಿಣದ ಹಳಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಗಾಲಿಗೆ ತೊಡಿಸಿ, ನೀರು ಹೊಯ್ಯುತ್ತಿದ್ದರು. ತಣಿದು ಕುಗ್ಗಿದ ಹಳಿಯು ಗುಂಬ, ಅರ, ಅಂಚುಗಳನ್ನೆಲ್ಲ ಒಂದಾಗಿ ಬಿಗಿಹಿಡಿಯುತ್ತಿತ್ತು. ಗಾಲಿ ಬೇಕೆಂದು ಯಾರೇ ಬರಲಿ, ಉಳಿಯನ್ನು ಕೆಳಗಿಡದೆ ಅವನು ಕೇಳುತ್ತಿದ್ದುದು ಒಂದೇ ಮಾತು: "ಹೇರೋದು ಏನು ಸ್ವಾಮಿ, ಕಲ್ಲೋ ಹುಲ್ಲೋ?" ಗಾಲಿಯ ಬಣ್ಣದ ವಿಚಾರವನ್ನು ಅವನು ಕಡೆಯಲ್ಲಿ, ಜಾತ್ರೆ ಹತ್ತಿರ ಬಂದಾಗ, ಎತ್ತುತ್ತಿದ್ದನು.

ಇಂದಿನ ಗಾಲಿಯಲ್ಲಿಯೂ ಕಲ್ಲೋ ಹುಲ್ಲೋ ಎಂಬ ಪ್ರಶ್ನೆ ಅಡಗಿಯೇ ಇದೆ. ಅದು ಅಂಕಿಗಳ ಭಾಷೆಯಲ್ಲಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈ ಕಾರಿನ ಅಚ್ಚಿನ ತುದಿಯಲ್ಲಿ ಐದು ಬೋಲ್ಟುಗಳು 114.3 ಮಿಲಿಮೀಟರ್ ವ್ಯಾಸದ ಒಂದು ವೃತ್ತದ ಮೇಲೆ ನಿಂತಿರುತ್ತವೆ. ಗಾಲಿಯ ತೂತುಗಳೂ ಅದೇ ವೃತ್ತದ ಮೇಲಿರಬೇಕು. ಅಚ್ಚಿನ ನಡುವಣ ಉಬ್ಬು 64.1 ಮಿಲಿಮೀಟರ್, ಗಾಲಿಯ ನಡುಗಣ್ಣು ಅದನ್ನು ಸಂದಿಲ್ಲದೆ ಅಪ್ಪಿಕೊಳ್ಳಬೇಕು. ಮೂರನೆಯದು ಅಗಲ, ಮೂಲದ ಗಾಲಿಯದು ಎಂಟೂವರೆ ಅಂಗುಲ. ನಾಲ್ಕನೆಯದನ್ನು ಆಫ್‌ಸೆಟ್ ಎನ್ನುತ್ತಾರೆ. ಗಾಲಿಯ ಅಗಲದ ನಟ್ಟನಡುವಿನ ಗೆರೆಗೂ, ಅದು ಅಚ್ಚಿಗೆ ಒರಗಿ ಕೂಡುವ ಮುಖಕ್ಕೂ ಇರುವ ಅಂತರ ಅದು; ಇಲ್ಲಿ 40 ಮಿಲಿಮೀಟರ್. ಮಗನು ಮೆಚ್ಚಿದ ಗಾಲಿಯ ಅಗಲ 9 ಅಂಗುಲ, ಆಫ್‌ಸೆಟ್ 35. ಲೆಕ್ಕ ಹಾಕಿದರೆ ಅದರ ಹೊರ ಅಂಚು ಮೊದಲಿಗಿಂತ 11 ಮಿಲಿಮೀಟರು ಹೊರಕ್ಕೆ ಬರುತ್ತದೆ. ಅದು ಮೈಗೆ ತಗಲದೆ ಇರಬಹುದು. ಆದರೆ ಗಾಲಿ ಹೊರಸರಿದಷ್ಟೂ ಬೇರಿಂಗಿನ ಮೇಲೆ ಬೀಳುವ ಭಾರದ ಸನ್ನೆ ಉದ್ದವಾಗುತ್ತದೆ ಎಂಬುದನ್ನು ಮರೆಯಬಾರದು.

ಐದನೆಯದೇ ಭಾರ. ಇಲ್ಲಿ ನಮ್ಮ ಕಣ್ಣು ಪೂರ್ಣವಾಗಿ ಮೋಸಹೋಗುತ್ತದೆ. ದೊಡ್ಡ ಗಾಲಿ ಹೆಚ್ಚು ಹೊರುತ್ತದೆಂದು ಯಾರಾದರೂ ತಿಳಿಯುವರು. ಆದರೆ ಕಾರನ್ನು ಹೊರುವುದು ಟೈರಿನೊಳಗಣ ಗಾಳಿ. ಹೊರಗಿನ ಒಟ್ಟು ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಲೋಹದ ಗಾಲಿಯನ್ನು ದೊಡ್ಡದು ಮಾಡಿದರೆ ಗಾಳಿಗೆ ಉಳಿಯುವ ಜಾಗ ಕಿರಿದಾಗುತ್ತದೆ. 18 ಅಂಗುಲದ ಗಾಲಿಗೆ ಬರುವ ಟೈರಿನ ಪಕ್ಕೆ ಸುಮಾರು 106 ಮಿಲಿಮೀಟರ್ ಎತ್ತರ; 20 ಅಂಗುಲದ್ದಕ್ಕೆ 82. ಮೊದಲನೆಯದರ ಪಕ್ಕೆಯ ಮೇಲೆ 98 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅಂದರೆ ಅದು 750 ಕಿಲೋಗ್ರಾಂ ಹೊರಬಲ್ಲುದು. ಎರಡನೆಯದರ ಮೇಲೆ 92; ಅದರ ಶಕ್ತಿ 630 ಕಿಲೋಗ್ರಾಂ. ತಯಾರಕರೇ ತಮ್ಮ ವೇಗದ ಮಾದರಿಗೆ ಇಂತಹ ಟೈರನ್ನು ಹಾಕಿರುವುದುಂಟು, ಆದುದರಿಂದ ಅದು ಸಾಲದೆಂದು ನಾನು ಹೇಳಲಾರೆ. ಆದರೆ ಬ್ಯಾಟರಿಯ ದೆಸೆಯಿಂದ ಈ ಕಾರು 1,800 ಕಿಲೋಗ್ರಾಮಿನ ಆಸುಪಾಸು ತೂಗುವಂಥದು. ಐದು ಜನ ಕುಳಿತು, ಹಿಂದೆ ಪೆಟ್ಟಿಗೆಗಳನ್ನು ತುಂಬಿ, ರಸ್ತೆಯ ಗುಂಡಿಗೆ ಇಳಿದಾಗ ಕೈಯಲ್ಲಿ ಉಳಿದಿರುವ ಬಂಡವಾಳ ಎಷ್ಟು ಎಂಬುದನ್ನು ಆ ಎರಡು ಅಂಕಿಗಳು ಹೇಳುತ್ತವೆ.

ಇವೆಲ್ಲವನ್ನೂ ನಾನು ಅಂಗಡಿಯಲ್ಲೇ ಹೇಳಿದೆನೆಂದು ವಾಚಕರು ಭಾವಿಸಬಾರದು. ಆಗ ನನಗೂ ಇವು ತಿಳಿದಿರಲಿಲ್ಲ. ಕಾಫಿ ಕೊಟ್ಟರು, ಕುಡಿದೆನು. ಎರಡು ಗಂಟೆಯಲ್ಲಿ ಗಾಲಿಗಳು ಕೂತವು. ಕಾರು ಮದುಮಗನಂತೆ ಕಾಣುತ್ತಿತ್ತು, ನಾನೂ ಹೊಗಳಿದೆನು.

ಮಾರನೆಯ ದಿನ ಎಲ್ಲರೂ ಓಕ್ಲೆಂಡಿನ ಕಡೆಗೆ ಹೊರಟೆವು. ಹಿಂದಿನ ಆಸನದಲ್ಲಿ ಸೊಸೆ, ನಾನು, ಎಂಟು ವರ್ಷದ ಮೊಮ್ಮಗಳು. 880ನೆಯ ಹೆದ್ದಾರಿಯಲ್ಲಿ ವೇಗವು ಗಂಟೆಗೆ 65 ಮೈಲಿಗೆ, ಅಂದರೆ 105 ಕಿಲೋಮೀಟರಿಗೆ, ಏರುವ ಹೊತ್ತಿಗೆ ನೆಲ ನಡುಗತೊಡಗಿತು. ಸದ್ದಿಲ್ಲದ ಕಾರು ಅದು. ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗಬಹುದಾಗಿದ್ದ ಕಂಪನವು ಅಲ್ಲಿ ಬೆತ್ತಲಾಗಿ ನಿಂತಿತು. ಮಗನ ಕೈಯಲ್ಲಿದ್ದ ಚುಕ್ಕಾಣಿ ಮಲೇರಿಯ ಹಿಡಿದವನಂತೆ ಅದುರುತ್ತಿತ್ತು. "ತಾತ, ಕಾರಿಗೆ ಚಳಿಯಾಗ್ತಿದೆಯಾ?" ಎಂದು ಮಗು ಕೇಳಿತು. ಯಾರೂ ನಗಲಿಲ್ಲ. ಎಡಬಲಗಳಲ್ಲಿ ಲಾರಿಗಳು. ಮಗನು ಮೆಲ್ಲಗೆ ವೇಗವನ್ನು ತಗ್ಗಿಸಿ, ಮೊದಲು ಸಿಕ್ಕ ತಿರುವಿನಲ್ಲಿ ಹೊರಬಂದು ನಿಲ್ಲಿಸಿದನು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಸಂಜೆ ಮನೆಯಲ್ಲಿ ಮುಂದಿನ ಬಲಗಾಲಿಯನ್ನು ಬಿಚ್ಚಿ ನೋಡಿದೆವು. ನಾನಾ ಬಗೆಯ ಕಾರುಗಳಿಗೆ ಹೊಂದಲೆಂದು ಆ ಗಾಲಿಯ ನಡುಗಣ್ಣನ್ನು 73.1 ಮಿಲಿಮೀಟರಿಗೆ ಕೊರೆದಿದ್ದರು. ಅಚ್ಚಿನ ಉಬ್ಬಿಗೂ ಅದಕ್ಕೂ ನಡುವೆ ಸುತ್ತಲೂ ನಾಲ್ಕೂವರೆ ಮಿಲಿಮೀಟರಿನ ತೆರಪು. ಅದನ್ನು ತುಂಬಲು ಒಂದು ಬಳೆಯನ್ನು ತೊಡಿಸಬೇಕು. ಉಳಿದ ಮೂರು ಗಾಲಿಗಳಲ್ಲಿ ಬಳೆಯಿತ್ತು, ಇದರಲ್ಲಿ ಮರೆತಿದ್ದರು. ಗಾಲಿಯು ನಟ್ಟುಗಳ ಆಸರೆಯಿಂದಲೇ, ನಡುವಿನಿಂದ ಕೂದಲೆಳೆಯಷ್ಟು ಜಾರಿ ಕುಳಿತಿತ್ತು.

ಆ ಕೂದಲೆಳೆಯ ಲೆಕ್ಕವನ್ನು ಅಂದು ರಾತ್ರಿ ಮಾಡಿದೆನು. ಗಾಲಿಯೂ ಟೈರೂ ಸೇರಿ 25 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದು ಕೇಂದ್ರದಿಂದ ಅರ್ಧ ಮಿಲಿಮೀಟರು ಸರಿದಿದೆಯೆನ್ನೋಣ. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿನಲ್ಲಿಯೂ ಅಚ್ಚನ್ನು ಜಗ್ಗುವ ಬಲ ಹತ್ತು ಕಿಲೋಗ್ರಾಂ ತೂಕಕ್ಕೆ ಸಮ. ಹತ್ತು ಕಿಲೋ ಅಕ್ಕಿಯ ಚೀಲವೊಂದನ್ನು ಸೆಕೆಂಡಿಗೆ ಹದಿನಾಲ್ಕು ಸಲ ಮೇಲಕ್ಕೂ ಕೆಳಕ್ಕೂ ಜಗ್ಗಿದಂತೆ. ಇದು ಹೈಸ್ಕೂಲಿನ ಲೆಕ್ಕ. ಇದೇ ಸೂತ್ರವನ್ನು ನಾನು 34 ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಹಗ್ಗಕ್ಕೆ ಕಟ್ಟಿದ ಕಲ್ಲಿನ ಉದಾಹರಣೆಯನ್ನು ಕೊಟ್ಟು, ಹುಡುಗರಿಂದ ಅಭ್ಯಾಸದ ಲೆಕ್ಕಗಳನ್ನು ಮಾಡಿಸಿ, ಅಂಕ ಕೊಟ್ಟಿದ್ದೇನೆ. ಅವರಲ್ಲಿ ನನ್ನ ಮಗನೂ ಒಬ್ಬನು. ನೂರಕ್ಕೆ ತೊಂಬತ್ತೆಂಟು ಪಡೆದವನು. ಆದರೆ ಒಂದೇ ಒಂದು ದಿನವಾದರೂ ಶಾಲೆಯ ಹೊರಗೆ ನಿಂತಿರುತ್ತಿದ್ದ ಬಂಡಿಯ ಬಳಿಗೆ ಹುಡುಗರನ್ನು ಕರೆದೊಯ್ದು, ಗಾಲಿಯ ಗುಂಬದ ಮೇಲೆ ಕೈಯಿಡಿಸಿ, "ಇದು ನಡುವಿನಲ್ಲಿಲ್ಲದಿದ್ದರೆ ಏನಾದೀತು?" ಎಂದು ನಾನು ಕೇಳಲಿಲ್ಲ. ಬಳೆಯನ್ನು ಮರೆತ ಅಂಗಡಿಯ ಹುಡುಗನನ್ನು ಬಯ್ಯಲು ಬಾಯಿ ತೆರೆದವನು, ಇದು ನೆನಪಾಗಿ ಸುಮ್ಮನಾದೆನು.

ನನ್ನ ಅಭಿಪ್ರಾಯವನ್ನು ಈಗ ಹೇಳುತ್ತೇನೆ. ನಾವು ಚೆಲುವನ್ನು ಒಂದು ಕೋಣೆಯಲ್ಲಿಯೂ ತಿಳಿವಳಿಕೆಯನ್ನು ಇನ್ನೊಂದು ಕೋಣೆಯಲ್ಲಿಯೂ ಇಟ್ಟು ನಡುವೆ ಗೋಡೆ ಕಟ್ಟಿದ್ದೇವೆ. ಚೆಲುವೆಂದರೆ ಕಣ್ಣಿಗೆ ಸೇರಿದ್ದು, ಲೆಕ್ಕವೆಂದರೆ ಪರೀಕ್ಷೆಗೆ ಸೇರಿದ್ದು ಎಂಬ ಭಾವನೆ ನಮ್ಮ ಶಾಲೆಗಳಲ್ಲಿಯೇ ಹುಟ್ಟುತ್ತದೆ. ಹಂಪಿಯ ಕಲ್ಲಿನ ರಥದ ಗಾಲಿಗಳನ್ನು ಕಣ್ಣು ತುಂಬ ನೋಡಿ ಮೆಚ್ಚುವುದು ಸರಿ. ಅವು ಯಾರನ್ನೂ ಹೊತ್ತು ಊರಿಂದೂರಿಗೆ ಹೋಗಬೇಕಾಗಿಲ್ಲ. ಮಗುವನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಗಾಲಿಯನ್ನು ಅದೇ ಕಣ್ಣಿನಿಂದ ಆರಿಸಿದರೆ, ಅಭಿರುಚಿ ಅರ್ಧಕ್ಕೆ ನಿಂತಿತೆಂದೇ ಹೇಳಬೇಕು. ಹೊರೆಯನ್ನು ಅರಿತ ಕಣ್ಣು ಚೆಲುವನ್ನು ಕಳೆದುಕೊಳ್ಳುವುದಿಲ್ಲ. ನಮ್ಮೂರ ಬಡಗಿಯ ಗಾಲಿಯಲ್ಲಿ ಅರಗಳು ಗುಂಬದ ಬಳಿ ದಪ್ಪವಾಗಿ ಅಂಚಿನ ಕಡೆಗೆ ಸಪೂರವಾಗುತ್ತಿದ್ದುದನ್ನು ಎಷ್ಟು ನೋಡಿದರೂ ನನಗೆ ತಣಿವಾಗುತ್ತಿರಲಿಲ್ಲ. ಭಾರ ಎಲ್ಲಿ ಹೆಚ್ಚೋ ಅಲ್ಲಿ ಮರ ಹೆಚ್ಚು. ಅದನ್ನು ಸೊಗಸೆನ್ನಬೇಕೋ ಲೆಕ್ಕವೆನ್ನಬೇಕೋ ನಾನರಿಯೆ.

"ಹಾಗಾದರೆ ಕಾರ್ಖಾನೆ ಕೊಟ್ಟದ್ದನ್ನು ಮುಟ್ಟಲೇಬಾರದೋ?" ಎಂದು ತರುಣರು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಕಾರ್ಖಾನೆಯವನೂ ಖರ್ಚನ್ನು ನೋಡಿ ಮಾಡಿರುತ್ತಾನೆ. ಅವನದಕ್ಕಿಂತ ಹಗುರವಾದ, ಗಟ್ಟಿಯಾದ ಗಾಲಿ ಇರುವುದು ಸಾಧ್ಯ. ಕೇಳತಕ್ಕ ಪ್ರಶ್ನೆಗಳನ್ನು ಕೇಳಿ ಬದಲಾಯಿಸಬೇಕು. ಇದು ಎರಕ ಹೊಯ್ದದ್ದೋ, ಒತ್ತಿ ಬಡಿದು ರೂಪಿಸಿದ್ದೋ? ಎಷ್ಟು ಭಾರಕ್ಕೆ ಪರೀಕ್ಷೆಯಾಗಿದೆ? ಜಪಾನಿನಲ್ಲಿ ಜೆ.ಡಬ್ಲ್ಯು.ಎಲ್. ಎಂಬ ಮುದ್ರೆಯೂ, ಅಮೆರಿಕದಲ್ಲಿ ಎಸ್.ಎ.ಇ. ಸಂಘದ ಜೆ2530 ಎಂಬ ಪರೀಕ್ಷಾಕ್ರಮವೂ ಇರುವುದು ಇದಕ್ಕಾಗಿಯೇ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರೂಪಣೆಗೆ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಖಚಿತಪಡಿಸಿತು. ನಮ್ಮ ಊರುಗಳಲ್ಲಿ ವಿದ್ಯುತ್ ಕಾರು ಕೊಂಡು ಗಾಲಿಯಂಗಡಿಗೆ ಧಾವಿಸುವ ಮಿತ್ರರು ಇದನ್ನೂ, ನಮ್ಮ ರಸ್ತೆಯ ಗುಂಡಿಗಳ ಆಳವನ್ನೂ, ಟೈರಿನ ಪಕ್ಕೆ ಕಳೆದುಕೊಳ್ಳುವ 24 ಮಿಲಿಮೀಟರನ್ನೂ ಒಟ್ಟಿಗೆ ನೆನೆಯಲಿ.

ಮಗನು ಆ ಗಾಲಿಗಳನ್ನು ಹಿಂದಿರುಗಿಸಿದನು. ಮುಚ್ಚಳದ ಗಾಲಿಗೆ ಮರಳಲಿಲ್ಲ; ಅಷ್ಟರಮಟ್ಟಿಗೆ ಅವನ ಹಟ ಉಳಿಯಿತು. ಮೂರು ವಾರ ಹುಡುಕಿ, 18 ಅಂಗುಲದ್ದೇ ಆದ, ಒತ್ತಿ ಬಡಿದು ರೂಪಿಸಿದ, ಎಂಟೂವರೆ ಅಂಗುಲ ಅಗಲದ, 40 ಆಫ್‌ಸೆಟ್ಟಿನ, ನಡುಗಣ್ಣು 64.1ಕ್ಕೇ ಕೊರೆದ ಗಾಲಿಗಳನ್ನು ತರಿಸಿದನು. ಐದು ಅಗಲವಾದ ಅರಗಳು, ತೆರಪು ಕಡಿಮೆ. ಬಾಗಿಲಿನ ಕಂಬದ ಚೀಟಿಯಲ್ಲಿ ಹಿಂದಿನ ಅಚ್ಚಿಗೆ ಬರೆದಿರುವ ಭಾರದ ಮಿತಿಯನ್ನು ಓದಿ, ಅದರ ಅರ್ಧವನ್ನು ಗಾಲಿಯ ಒಳಮೈಯಲ್ಲಿ ಅಚ್ಚಾದ ಸಂಖ್ಯೆಯೊಡನೆ ತಾನೇ ಹೋಲಿಸಿ ನೋಡಿದನು. ಟೈರಿನ ಒತ್ತಡವನ್ನು ತಿಳಿಸುವ ಸಣ್ಣ ಯಂತ್ರಗಳು ಹಳೆಯ ಕಾರುಗಳಲ್ಲಿ ಒಂದು ಬಗೆ, ಈಚಿನವುಗಳಲ್ಲಿ ಬ್ಲೂಟೂತಿನ ಬಗೆ. ತನ್ನ ಕಾರಿನದು ಯಾವುದೆಂದು ಕೇಳಿ ತಿಳಿದುಕೊಂಡೇ ಕೊಂಡನು.

ಈ ಸಲ ಮನೆಯಂಗಳದಲ್ಲಿಯೇ ಜೋಡಿಸಿದೆವು. ನೆಲದಡಿಯಲ್ಲೆಲ್ಲ ಬ್ಯಾಟರಿ ಹರಡಿರುವುದರಿಂದ ಕಂಡಕಂಡಲ್ಲಿ ಜ್ಯಾಕು ಕೊಡುವಂತಿಲ್ಲ. ಗೊತ್ತಾದ ನಾಲ್ಕು ಜಾಗಗಳಿಗೆ ರಬ್ಬರಿನ ಬಿಲ್ಲೆಯಿಟ್ಟು ಎತ್ತಬೇಕು. ಬಿಗಿಯುವಾಗ ನಟ್ಟುಗಳನ್ನು ಸಾಲಾಗಿ ಮುಟ್ಟದೆ, ಒಂದನ್ನು ಬಿಟ್ಟು ಒಂದರಂತೆ, ನಕ್ಷತ್ರ ಬರೆಯುವ ಹಾಗೆ ಬಿಗಿಯಬೇಕು. ಮೊಮ್ಮಗಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು "ಒಂದು, ಮೂರು, ಐದು, ಎರಡು, ನಾಲ್ಕು" ಎಂದು ಕೂಗಿ ಹೇಳುತ್ತಿದ್ದಳು. ಅಳತೆಯ ಸ್ಪ್ಯಾನರನ್ನು 175 ನ್ಯೂಟನ್ ಮೀಟರಿಗೆ ನಿಲ್ಲಿಸಿದ್ದೆವು. ಬಿಗಿ ಸರಿಹೋದಾಗ ಅದು 'ಟಕ್' ಎಂದು ಹೇಳುತ್ತದೆ. ಪ್ರತಿ ಟಕ್ಕಿಗೂ ಅವಳು ತಲೆಯಾಡಿಸುವಳು. "ಯಾಕೆ ತಾತ ಸಾಲಾಗಿ ತಿರುಗಿಸಬಾರದು?" ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲು ಅವಳ ಕೈಯನ್ನು ತೆಗೆದುಕೊಂಡು, ನಡುವಿನ ಉಬ್ಬಿನ ಮೇಲೆ ಇಟ್ಟೆನು.

80 ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಎಲ್ಲ ಇಪ್ಪತ್ತು ನಟ್ಟುಗಳನ್ನೂ ಪರೀಕ್ಷಿಸಿದೆವು. ಹತ್ತೊಂಬತ್ತು ಕೂಡಲೇ ಟಕ್ಕೆಂದುವು. ಒಂದು ಮಾತ್ರ ಎಳ್ಳಿನಷ್ಟು ತಿರುಗಿ, ಆಮೇಲೆ ಟಕ್ಕೆಂದಿತು.